ಗ್ದಿನ್ಯಾದಲ್ಲಿ ನಾಮಕರಣ

ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ಡಿಸ್ಕು ಗೊರಗುಟ್ಟಿತು,
ಎರಡಾಳು ಎತ್ತಬೇಕಾದ ಮಾನಿಟರು
ಬೆಳ್ಳಗಾಗಿ, ನಡುಗಿ, ನಿಂತು
ಕಪ್ಪಕ್ಷರದಲ್ಲಿ ಒಪ್ಪಿಸಿತು:
ನಾನು ಯಾರೋ ಗೊತ್ತಿಲ್ಲ.

ಹಾಗಂತಲೇ ಅಲ್ಲ. ಅದರ ಮಾತಿನಲ್ಲಿ ಅದು
ಎಫ್ಎಫ್, ಎಫ್ಎಫ್, ಎಫ್ಎಫ್,
ಚಳಿಗೆ ಹಲ್ಲು ಕಟಕಟಿಸಿದ ಹಾಗೆ.
ಆಮೇಲೆ ಒಂದು ಸಾಲು ಬಿಟ್ಟು, ಏನೂ ಆಗದವರಂತೆ,
ಓಕೆ.

ನೋಡು ಬೊಗುಮಿವಾ, ಎಂದರು ಹಡಗುಕಟ್ಟೆಯವರು,
ತೊಂಬತ್ತನಾಲ್ಕರ ಫೆರಿ ರಿಪೇರಿಗೆ ಬಂದಿದೆ,
ಹೊಟ್ಟೆಯ ತಗಡು ತೂತು. ನಕ್ಷೆಯೆಲ್ಲ ಇದರೊಳಗೆ.
ನಕ್ಷೆ ತೆರೆಯುವ ಪ್ರೋಗ್ರಾಮಿಗೆ ಇದೊಂದೇ ಯಂತ್ರದ ಗುರುತು,
ಬೇರೆ ಯಾರು ಕದ ತಟ್ಟಿದರೂ ಅಗುಳಿ ತೆಗೆಯದು.
ಶುಕ್ರವಾರದೊಳಗೆ, ಎಂದರು.
ಯಾವಾಗಲೂ ಶುಕ್ರವಾರದೊಳಗೆ.

ಹೆಸರು ಇದ್ದದ್ದು ಇಲ್ಲಿ:
ಇಪ್ಪತ್ತನಾಲ್ಕು ಕಾಲಿನ ಕರಿ ಹುಳ, ಬೆನ್ನ ಮೇಲೆ ಗೂನು.
ಗೂನಿನೊಳಗೆ ಬ್ಯಾಟರಿ, ಬದಲಿಸಬಾರದೆಂದೇ
ಅಂಟು ಹುಯ್ದು ಹೂತದ್ದು.
ಹತ್ತು ವರ್ಷ ಸಾಕು ಅಂದುಕೊಂಡಿರಬೇಕು,
ಅಷ್ಟು ದಿನ ಇದನ್ನು ಯಾರು ಇಟ್ಟುಕೊಳ್ಳುತ್ತಾರೆ?
ಅವರ್ಯಾರೂ ಹಡಗು ಕಟ್ಟಿದವರಲ್ಲ.

ಗರಗಸದ ಅಲಗಿನಿಂದ ಗೂನು ಕೊಯ್ದೆ.
ಉಗುರ ಸಂದಿಗೆ ಕರಿ ಪುಡಿ, ಮೂಗಿಗೆ ಹಳಸಿದ ಮೀನಿನ ವಾಸನೆ.
ಕೂದಲೆಳೆಯಷ್ಟು ಲೋಹ ಎರಡು ಕಡೆ ಮಿಂಚಿತು.
ಸತ್ತದ್ದನ್ನು ಕತ್ತರಿಸಿ
ಗಡಿಯಾರದಂಗಡಿಯ ಬಿಲ್ಲೆಯೊಂದನ್ನು ಬೆಸೆದೆ. ಮೂರು ವೋಲ್ಟು.
ಈಗ ನೆನಪಿಡಬಲ್ಲೆ, ಎಂದಿತು.
ಏನನ್ನು?

ಹೆಸರಿಡುವುದೇನು ಕಷ್ಟವಲ್ಲ. ಹೇಳಿದ್ದಕ್ಕೆಲ್ಲ ಹೂಂಗುಡುತ್ತದೆ,
ತೊಟ್ಟಿಲ ಕೂಸಿಗೆ ಕಿವಿಯಲ್ಲಿ ಮೂರು ಸಲ ಉಸುರಿದ ಹಾಗೆ.
ಎಂಟು, ಸೊನ್ನೆ, ಇಪ್ಪತ್ತು: ಅದು ಮನೆತನದ ಹೆಸರು,
ಆ ಕಾರ್ಖಾನೆಯ ಮಕ್ಕಳಿಗೆಲ್ಲ ಒಂದೇ.
ಮುಂದಿನ ಮೂರು ಜೋಡಿ ಇದರದೇ ಸ್ವಂತ.
ಕೊನೆಗೊಂದು ತಾಳೆ ಅಂಕಿ, ಹಿಂದಿನದೆಲ್ಲ ನಿಜವೆಂದು ಸಾಕ್ಷಿಗೆ.
ಅದನ್ನೂ ನಾನೇ ಕೂಡಿಸಿ ಬರೆಯುತ್ತೇನೆ.
ಅಂಥ ಸಾಕ್ಷಿ.

ಮುಚ್ಚಳದ ಒಳಮೈಗೆ ಚೀಟಿ ಅಂಟಿಸಿತ್ತು,
ನಕ್ಷೆಗಾರನ ನೆಟ್ಟನೆ ಕೈಬರಹ: ಏಳು-ಎ, ಆಮೇಲೆ
ಕಾಫಿಯ ಕಲೆ.

ಅದು ಝೆನೊನ್‌ದೇ, ಎಂದಳು ಉಗ್ರಾಣದವಳು.
ಒರ್ವೊವೊದಲ್ಲಿ ತರಕಾರಿ ತೋಟ ಮಾಡಿದ್ದ,
ಕೊನೆಯ ನಾಲ್ಕರಲ್ಲಿ ಅಕ್ಷರ ಬೆರೆತಿಲ್ಲ, ನನ್ನ ಪುಣ್ಯ,
ತೋಟದ ಬೀಗಕ್ಕೂ ಅದೇ, ಅಂತ ನಗೋನು.

ಟ್ರಾಲಿಬಸ್ಸು ಹಿಡಿದೆ.
ಝೆನೊನ್ ಇರಲಿಲ್ಲ. ತಂಗಿಯ ಊರಿಗೆ ಹೋಗಿ ಮೂರು ವರ್ಷ.
ಅವನ ಮಡಿಯಲ್ಲಿ ಒಲೆಸ್ಯಾ, ಖೆರ್ಸೊನಿನವಳು,
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದು
ಬೀಟ್‌ರೂಟಿಗೆ ನೀರು ಹಾಕುತ್ತಿದ್ದಳು.
ಬೀಗ ಮಾತ್ರ ಅದೇ. ಹಿತ್ತಾಳೆ, ನಾಲ್ಕು ಚಕ್ರ.
ಬದಲಿಸಲಿಲ್ಲವಾ?
ಯಾಕೆ, ಅಂದಳು, ತೆರೆಯುತ್ತದಲ್ಲ.

ನಂಬರು ಕೇಳಿದೆ. ನನ್ನ ಮುಖ ನೋಡಿದಳು,
ಉಗುರ ಸಂದಿಯ ಕರಿ ನೋಡಿದಳು.
ಗಡಿಗಡಿಗೂ ಕಾಗದ ತೋರಿಸಿ ದಾಟಿದವಳು
ಅಂಕಿಗಳನ್ನು ಸುಲಭಕ್ಕೆ ಬಾಯಿ ಬಿಡುವುದಿಲ್ಲ.
ಹೇಳಲೂ ಇಲ್ಲ. ಗೇಟಿನಾಚೆ ಬಂದು ಬೀಗ ಹಾಕಿದಳು,
ಮತ್ತೆ ತೆರೆದಳು, ಬೇಕೆಂದೇ ನಿಧಾನವಾಗಿ,
ಒಂದೊಂದೇ ಚಕ್ರ.
ನಾನು ಬೀಟ್‌ರೂಟು ನೋಡುವವಳ ಹಾಗೆ ನಿಂತು
ನೋಡಿಕೊಂಡೆ.

ಆ ರಾತ್ರಿ ಪರದೆಯ ಮೇಲೆ ಹಸಿರು ಗೆರೆಗಳಲ್ಲಿ
ಫೆರಿ ತೆರೆದುಕೊಂಡಿತು, ಒಂದೊಂದೇ ಪಕ್ಕೆಲುಬಾಗಿ,
ಹದಿನೇಳನೆಯ ಚೌಕಟ್ಟಿನ ಬಳಿ ಝೆನೊನ್‌ನ ಟಿಪ್ಪಣಿ:
ಈ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಹೇಳಿದರೆ ಕೇಳಲಿಲ್ಲ.

ಹೊಸ ಚೀಟಿ ಬರೆಯಲು ಕೂತೆ. ಏಳು-ಎ ವರೆಗೆ ಬರೆದು
ಪೆನ್ಸಿಲು ನಿಂತಿತು. ಈಗದು ಅವಳ ಮನೆಯ ಬೀಗ.
ಬಿಲ್ಲೆ ಇನ್ನೊಂದು ಹತ್ತು ವರ್ಷ ತಡೆದೀತು.
ಆಮೇಲೆ ಮುಚ್ಚಳ ಬಿಚ್ಚುವವರಿಗೆಂದು
ಕಲೆಯ ಪಕ್ಕದಲ್ಲಿ ಇಷ್ಟೇ ಬರೆದೆ:
ಒರ್ವೊವೊದ ತೋಟದಲ್ಲಿ ವಿಚಾರಿಸಿ.
ಬೆಳಗ್ಗೆ ಹೋಗಿ, ಅವಳು ಮಲಗುವ ಮುಂಚೆ.