ಎಡಗಡೆಯ ಕಾಲ್ಚಾಪೆ

ಮೊದಲು ಗಾಜು ಮಂಜಾಗತೊಡಗಿತು.
ಮೈನಸ್ ಇಪ್ಪತ್ತೆಂಟರಲ್ಲಿ ಯಾವ ಗಾಜು ಮಂಜಾಗುವುದಿಲ್ಲ ಹೇಳಿ.
ಆರ್ವಿಡ್ಸ್‌ಯೌರಿನಿಂದ ಉತ್ತರಕ್ಕೆ ನೂರ ಹದಿನಾಲ್ಕು ಕಿಲೋಮೀಟರು,
ಮೂವತ್ತೊಂದು ಅಂಚೆಡಬ್ಬಿ,
ಒಂದೊಂದಕ್ಕೂ ಕಿಟಕಿ ಇಳಿಸಬೇಕು, ಕೈ ಚಾಚಬೇಕು;
ಅದಕ್ಕೆಂದೇ ಬಲಕ್ಕೆ ಸ್ಟಿಯರಿಂಗ್ ಇರುವ
ಎಂಬತ್ತೇಳರ ವೋಲ್ವೋ.
ನನ್ನದೇ ಉಸಿರು ಅಂದುಕೊಂಡೆ.

ಆದರೆ ಈ ಮಂಜಿಗೆ ಜಿಡ್ಡಿತ್ತು.
ಅಂಗೈಯಿಂದ ಒರೆಸಿದರೆ
ಎಣ್ಣೆ ಹತ್ತಿದ ಕಾಗದದಾಚೆಗಿನ ರಸ್ತೆ,
ಎದುರು ಲಾರಿಯ ದೀಪ ಒಡೆದು ಹತ್ತು ದೀಪ,
ಹಿಮಸಾರಂಗ ಯಾವುದು, ಪೈನ್ ಮರದ ಬುಡ ಯಾವುದು.

ಜೊತೆಗೊಂದು ವಾಸನೆ. ಪಾಕ ತುಸು ತಳ ಹಿಡಿದ ಹಾಗೆ.
ಹೀಟರ್ ಹಾಕಿದಾಗ ಮಾತ್ರ.
ಯಾರೋ ಮಿಠಾಯಿ ಕಳಿಸಿದ್ದಾರೆಂದು
ಹಿಂದಿನ ಸೀಟಿನ ಪಾರ್ಸೆಲ್ಲುಗಳನ್ನೆಲ್ಲ ಮೂಸಿದ್ದೂ ಉಂಟು.

ಹಿಲ್ಡಿಂಗ್ ಬಾನೆಟ್ ಎತ್ತಲೇ ಇಲ್ಲ.
ಮೂವತ್ತು ವರ್ಷ ಹಿಮ ತಳ್ಳುವ ಗಾಡಿಗಳ ಹೊಟ್ಟೆಯಲ್ಲಿ ಕೈಯಾಡಿಸಿದವನು,
ಎಡಗಡೆಯ ಬಾಗಿಲು ತೆರೆದು ಮಂಡಿಯೂರಿ
ಕಾಲ್ಚಾಪೆ ಸರಿಸಿ ಕಾರ್ಪೆಟ್ ಹಿಂಡಿದ.
ಹಸಿರು ನೀರು ಬೆರಳ ಸಂದಿಯಲ್ಲಿ ಇಳಿಯಿತು.
"ನೀರು ಎಲ್ಲಿಗೆ ಹೋಗ್ತಿದೆ ಅಂತಿದ್ದೆಯಲ್ಲ ಇಂಗೆಗರ್ದ್,
ಎಲ್ಲಿಗೂ ಹೋಗ್ತಿಲ್ಲ. ಒಳಗೇ ಬರ್ತಿದೆ."

ಹೀಟರಿನ ಪುಟ್ಟ ರೇಡಿಯೇಟರ್,
ಡ್ಯಾಶ್‌ಬೋರ್ಡಿನ ಹಿಂದೆ ಎಲ್ಲೋ ಗರ್ಭದಲ್ಲಿ.
ಮೊದಲು ಅದನ್ನು ಗಾಳಿಯಲ್ಲಿ ತೂಗುಹಾಕಿ
ಆಮೇಲೆ ಸುತ್ತ ಕಾರು ಕಟ್ಟಿರಬೇಕು, ಅಂದ ಹಿಲ್ಡಿಂಗ್.
ಹೊಸದು ಪೋಲೆಂಡಿನಿಂದ ಬಂತು,
ನನ್ನ ಪಾರ್ಸೆಲ್ ನಾನೇ ತಂದು, ನಾನೇ ಸಹಿ ಹಾಕಿ
ನನಗೇ ಕೊಟ್ಟುಕೊಂಡೆ.

ಮೂರು ದಿನ ಬಿಚ್ಚಿದೆವು. ರೇಡಿಯೋ, ಮೀಟರು,
ಕೈಪೆಟ್ಟಿಗೆ, ಎಂದೂ ನೋಡಿರದ ವೈರುಗಳ ಕರುಳು.
ಸ್ಕ್ರೂಗಳು ಕೇಕಿನ ಅಚ್ಚಿನ ಹನ್ನೆರಡು ಗುಳಿಗಳಲ್ಲಿ.
ಹಳೆಯ ಹೋಸ್ ಎಳೆಯಬೇಡ, ಉದ್ದಕ್ಕೆ ಕೊಯ್ಯಿ,
ಎಳೆದರೆ ಮೂತಿ ಮುರಿಯುತ್ತೆ.
ಕೊಯ್ದೆ.

ಬ್ಲೋವರಿನ ರೆಕ್ಕೆಗೆ ಸುತ್ತಿಕೊಂಡಿತ್ತು
ಒಂದು ಹಿಡಿ ಬೂದು ಕೂದಲು.
ಮುರ್ರೆಯದು.

ಒಂಬತ್ತು ವರ್ಷ, ಸೀಟು ಬೇಡ ಅವನಿಗೆ, ಆ ಕಾಲ್ಚಾಪೆಯೇ,
ಬಿಸಿಗಾಳಿ ಬರುವ ಜಾಗ.
ಹೋದ ಚಳಿಗಾಲ ಅದನ್ನು ನೆಕ್ಕುತ್ತಿದ್ದ.
ಉಪ್ಪಿರಬೇಕು ಅಂದುಕೊಂಡೆ, ರಸ್ತೆಗೆ ಸುರಿಯುವ ಉಪ್ಪು,
ನನ್ನ ಬೂಟಿನದು.
ಗದರಿದ್ದೆ, ಒಂದೆರಡು ಸಲ. ಆಮೇಲೆ ಬಿಟ್ಟೆ.
ವಸಂತದಲ್ಲಿ ಬೋಗುಣಿ ಬೋಗುಣಿ ನೀರು ಕುಡಿದ,
ಆಮೇಲೆ ಅದನ್ನೂ ನಿಲ್ಲಿಸಿದ.
ಮೂತ್ರಪಿಂಡ, ವಯಸ್ಸಾಯಿತಲ್ಲ, ಅಂದಿದ್ದರು ಡಾಕ್ಟರು.

ಹಿಲ್ಡಿಂಗ್ ಕೈಯನ್ನು ಪ್ಯಾಂಟಿಗೆ ಒರೆಸಿದ. ಮತ್ತೊಮ್ಮೆ ಒರೆಸಿದ.
"ಅದು ಸಿಹಿ ಇರುತ್ತೆ. ಅದೇ ಅದರ..."
ಮುಂದಕ್ಕೆ ಹೇಳಲಿಲ್ಲ.
ಇದೇ ಕಾರಣವೋ ಅಲ್ಲವೋ,
ಈಗ ಯಾರ ಹೊಟ್ಟೆ ಸೀಳಿ ನೋಡುವುದು.

ಹಳೆಯದನ್ನು ಬಕೆಟ್ಟಿನಲ್ಲಿ ಮುಳುಗಿಸಿ ಗಾಳಿ ಊದಿದೆವು.
ಮೂಲೆಯ ಬೆಸುಗೆಯಿಂದ ಒಂದು ಗುಳ್ಳೆ.
ಕಾದೆ.
ಹತ್ತು ಸೆಕೆಂಡಿಗೆ ಇನ್ನೊಂದು.
ಅಷ್ಟೇ. ಅಷ್ಟು ನಿಧಾನ.

ಎಲ್ಲ ಮತ್ತೆ ಜೋಡಿಸಿದಾಗ ಮೂರು ಸ್ಕ್ರೂ ಮಿಕ್ಕಿದವು.
ಇರಲಿ, ಎಲ್ಲ ಕಾರಿನಲ್ಲೂ ಮೂರು ಹೆಚ್ಚಿರುತ್ತೆ, ಅಂದ.
ಹೀಟರ್ ಹಾಕಿದೆ.
ಬೂಟಿನೊಳಗಿನ ಬೆರಳು ಬೆವರುವಷ್ಟು ಬಿಸಿ,
ಗಾಜು ಈಗಷ್ಟೇ ತೊಳೆದ ಹಾಗೆ, ರಸ್ತೆ ದಡದಿಂದ ದಡಕ್ಕೆ.
ಅಟ್ಟ ಮೇಲೆ ಒಲೆ ಉರಿಯಿತು
ಅನ್ನುವುದು ಇದಕ್ಕೇ.

ಎಡಗಡೆಗೆ ಕಾರ್ಪೆಟ್ ಇನ್ನೂ ಹಾಕಿಲ್ಲ, ಬರೀ ತಗಡು.
ಹದಿನೇಳನೆಯ ಡಬ್ಬಿಯ ಶಶ್ಟಿನ್ ಮುದುಕಿ
ಕಾಗದ ಮೂಗಿಗೆ ಹಿಡಿದು ಕೇಳಿದಳು:
"ಮೊದಲು ನೀನು ತರೋದಕ್ಕೆಲ್ಲ ಒಂಥರಾ ಸಿಹಿ ವಾಸನೆ ಇರ್ತಿತ್ತಲ್ಲ.
ಕರೆಂಟು ಬಿಲ್ಲಿಗೂ."

ಹೌದು, ಇರ್ತಿತ್ತು, ಅಂದೆ.
ಕಿಟಕಿ ಏರಿಸಿದೆ.