ಗುಂಡಿ

ಪೊಡಿಯಬ್ಬಾಕರ ಲಾಂಡ್ರಿಯಲ್ಲಿ ಪ್ರತಿ ಬೆಳಿಗ್ಗೆಯೂ
ಎರಡು ಸಾವಿರದ ನಾಲ್ಕು, ಜನವರಿ ಒಂದು.

ಹೊರಗೆ ಮನಾಮದ ಆಗಸ್ಟು,
ಒಳಗೆ ಇಸ್ತ್ರಿಯ ಹಬೆ.
ರಾತ್ರಿ ಶಟರ್ ಎಳೆಯುವ ಮುಂಚೆ
ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸುತ್ತಾರೆ,
ಮುಹರ್ರಕ್ಕಿನಲ್ಲಿ ಒಮ್ಮೆ ಅಂಗಡಿ ಸುಟ್ಟದ್ದು ಕಂಡವರು.
ಬೆಳಿಗ್ಗೆ ಕಂಪ್ಯೂಟರು ಕಪ್ಪು ಪರದೆಯಲ್ಲಿ ಏನೋ ಗೊಣಗುತ್ತದೆ.
ಬಿಸ್ಮಿಲ್ಲಾ ಅಂದು ಎಫ್ ಒನ್ ಗುಂಡಿ ಒತ್ತುತ್ತಾರೆ.
ಹಣ ಕಳಿಸುವ ಅಂಗಡಿ ಕೊಟ್ಟ ಕ್ಯಾಲೆಂಡರಿನಿಂದ
ನಿನ್ನೆಯನ್ನು ಹರಿದು
ಇವತ್ತನ್ನು ಅಂಕಿ ಅಂಕಿಯಾಗಿ ಯಂತ್ರಕ್ಕೆ ಹೇಳಿಕೊಡುತ್ತಾರೆ.
ಎರಡು ವರ್ಷ ಹೀಗೇ.

ಒಂದು ದಿನ ಜ್ವರ, ಮರೆತರು.
ನಲವತ್ತು ಚೀಟಿ ಹೊರಬಿದ್ದವು.
ಮಿಸ್ರಿ ಮೇಷ್ಟ್ರು ಒಂದನ್ನು ಹಿಡಿದುಕೊಂಡು ಬಂದರಂತೆ:
ಇಪ್ಪತ್ತೊಂದು ವರ್ಷವಾಯಿತಲ್ಲಪ್ಪ,
ನನ್ನ ಕೋಟು ಇನ್ನೂ ಒಣಗಿಲ್ಲವೇ?
ಗಲ್ಲಿಯೆಲ್ಲ ನಕ್ಕಿತು.
ಪೊಡಿಯಬ್ಬಾಕ ಪೆಟ್ಟಿಗೆ ಹೊತ್ತು ತಂದು
ನನ್ನ ರಿಪೇರಿ ಮೇಜಿನ ಮೇಲೆ ಇಟ್ಟರು.

ಬಿಚ್ಚಿದೆ. ಊರ ಬಟ್ಟೆಗಳ ನಾರೆಲ್ಲ ಒಳಗಿತ್ತು.
ಊದಿದರೆ, ಬೋರ್ಡಿನ ಮೂಲೆಯಲ್ಲಿ
ಇಪ್ಪತ್ತೈದು ಫಿಲ್ಸಿನ ನಾಣ್ಯದಷ್ಟು ಬೆಳ್ಳಗೆ ಒಂದು ಬಿಲ್ಲೆ.

ಇದಾ ಇಡೀ ಪೆಟ್ಟಿಗೆ ಓಡಿಸುವುದು?

ಇಲ್ಲ ಕಾಕ, ಇದು ಏನನ್ನೂ ಓಡಿಸುವುದಿಲ್ಲ.
ಕರೆಂಟು ಇರುವಷ್ಟು ಹೊತ್ತು ಇದನ್ನು ಕೇಳುವವರಿಲ್ಲ.
ನೀವು ಸ್ವಿಚ್ಚು ಆರಿಸಿ ಹೋದ ಮೇಲೆ
ಕತ್ತಲಲ್ಲಿ ಕೂತು ಸೆಕೆಂಡು ಎಣಿಸುತ್ತದೆ,
ಎದ್ದ ಕೂಡಲೇ ಯಾವ ಡಿಸ್ಕಿನ ಬಾಗಿಲು ಬಡಿಯಬೇಕು
ಅಂಥ ಒಂದೆರಡು ಮಾತು ನೆನಪಿಟ್ಟುಕೊಳ್ಳುತ್ತದೆ. ಅಷ್ಟೇ.

ಮತ್ತೆ ನನ್ನ ಬಾಕಿ ಲೆಕ್ಕ?

ಅದೆಲ್ಲ ಬೇರೆ ಕಡೆ ಭದ್ರ.
ಹೋಗುವುದು, ಇವತ್ತು ಯಾವ ದಿನ ಅನ್ನುವುದೊಂದೇ.

ಅದೇ ಜನವರಿಗೆ ಯಾಕೆ ಓಡುತ್ತದೆ ಯಾವಾಗಲೂ?

ಕಾರ್ಖಾನೆಯಲ್ಲಿ ಬರೆದು ಕಳಿಸಿದ ದಿನ ಅದು.
ಬೇರೇನೂ ಗೊತ್ತಿಲ್ಲದಾಗ ಅಲ್ಲಿಂದ ಶುರು.

ಅವರು ಬೆರಳು ಮಡಚಿ ಏನೋ ಎಣಿಸಿದರು.
ಏನೆಂದು ನಾನು ಕೇಳಲಿಲ್ಲ.

ಮೀಟರಿನ ಮುಳ್ಳು ಮೂರಕ್ಕೆ ಏರಬೇಕಿತ್ತು,
ಎರಡು ದಾಟಿ ಅಲ್ಲೇ ನಡುಗಿತು.
ಪೂರ್ತಿ ಸತ್ತಿಲ್ಲ, ಎಣಿಕೆಗೆ ಸಾಲದು.
ಕೊಕ್ಕೆಯನ್ನು ಉಗುರಲ್ಲಿ ಸರಿಸಿದೆ, ಟಕ್.
ಹೊಸದು, ಅಕ್ಷರವಿರುವ ಮೈ ಮೇಲಕ್ಕೆ.
ಐನೂರು ಫಿಲ್ಸು.
ಹಳೆಯದನ್ನು ಕೊಡು ಅಂದರು.
ಲಾಂಡ್ರಿಯವರು, ಗುಂಡಿ ಎಸೆದು ಗೊತ್ತಿಲ್ಲ.

ಮುಂದಿನ ವಾರ ನನ್ನ ಅಂಗಿ ತರಲು ಹೋದೆ.
ಚೀಟಿಯಲ್ಲಿ ದಿನ ಸರಿ, ಗಂಟೆ ಸರಿ, ನಿಮಿಷವೂ.
ಚಿಲ್ಲರೆಯ ಡ್ರಾಯರಿನಲ್ಲಿ, ಅಂಗಿಗಳಿಂದ ಉದುರಿದ
ಚಿಪ್ಪಿನ, ಹಿತ್ತಾಳೆಯ, ಕಂದೂರೆಯ ಬಿಳಿ ಗುಂಡಿಗಳ ನಡುವೆ
ಆ ಬಿಲ್ಲೆ ಮೊಗ ಮೇಲಾಗಿ ಬಿದ್ದಿತ್ತು.

ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರ
ಅವರು ನನ್ನ ಅಂಗಡಿಗೆ ಬಂದ ಮಂಗಳವಾರ.
ಹರಿಯಲೆಂದು ಕೈ ಚಾಚಿದೆ.

ಇರಲಿ ಬಿಡು ಅಂದರು,
ಕಾಲರಿನ ಮೇಲೆ ನೀರು ಚಿಮುಕಿಸುತ್ತಾ,
ಈಗ ಅದನ್ನು ಕೇಳುವವರು ಯಾರು.