ಖಾಲಿ ಚೌಕ

ಕಿವಿಯಾರ್ವ್ ಕೆರೆ ಮೊಳದುದ್ದ ಹೆಪ್ಪುಗಟ್ಟಿದ್ದ ಫೆಬ್ರವರಿಯಲ್ಲಿ
ಎಂಡೆಲ್ ತೂತು ಕೊರೆದ, ನಾನು ಹಗ್ಗ ಇಳಿಸಿದೆ.
ತುದಿಗೆ ಸೀಸದ ಗುಂಡು, ಮೀಟರಿಗೊಂದು ಗಂಟು.
ಆ ಚಳಿಗೆ ಪೆನ್ನು ಬರೆಯುವುದಿಲ್ಲ, ಪೆನ್ಸಿಲ್ಲೇ ಗತಿ.
ನಾಲ್ಕು ಶನಿವಾರ. ನೂರ ನಲವತ್ತು ತೂತು,
ಒಂದು ಬಿಟ್ಟು.

ಊರ ಕಚೇರಿಯ ಕಂಪ್ಯೂಟರಿನಲ್ಲಿ
ಅಂಕಿಯೆಲ್ಲ ಚೌಕಕ್ಕೊಂದರಂತೆ ತುಂಬಿ
ಕಾಂಟೂರ್ ಚಾರ್ಟ್ ಒತ್ತಿದೆ.
ಅಯ್ಯೋ, ಅದರ ಚಂದವೇ!
ನೀಲಿ, ಕಿತ್ತಳೆ, ಬೂದಿ:
ಅಳಿದುಳಿದ ಉಣ್ಣೆಯಲ್ಲಿ ಹೆಣೆದ ಕಾಲುಚೀಲ.
ಮೇಲಿರಬೇಕಾದ ಚರ್ಚಿನ ದಡ ಕೆಳಗೆ,
ಗರಗಸದ ಗಿರಣಿ ತಲೆಯ ಮೇಲೆ.

ತಿರುಗಿಸಿದೆ.
ಆಳದ ಅಕ್ಷ ಕಣ್ಣಿಗೇ ಬೀಳದು;
ಮಲಗಿದ ಕೆರೆಯನ್ನು ಬೆಟ್ಟದ ಹಾಗೆ ಎಬ್ಬಿಸಿ ಕೂರಿಸಿ
ಅಕ್ಷ ಹಿಡಿದು, ಐದು ಅಳಿಸಿ ಎರಡು ಬರೆದು
ಮತ್ತೆ ಮಲಗಿಸಿದೆ. ಗೆರೆಗಳು ಹೆಚ್ಚಿದವು.
ಬಣ್ಣಕ್ಕೆ ಇನ್ನೊಂದು ಪಾಡು:
ನೀರನ್ನು ಮುಟ್ಟಿದರೆ ನೀರು ಮಾತು ಕೇಳದು,
ಬದಿಯ ಸೂಚಿಯಲ್ಲಿ ಸಾಸಿವೆಯಷ್ಟು ಚೌಕವನ್ನೇ
ಒಮ್ಮೆ ಒತ್ತಿ, ತಡೆದು, ಮತ್ತೆ ಒತ್ತಬೇಕು.
ದಡಕ್ಕೆ ಹಾಲು ಬೆರೆತ ನೀಲಿ,
ಆಮೇಲೆ ಒಂದೊಂದು ಮೆಟ್ಟಿಲಿಗೆ ಒಂದೊಂದು ಹನಿ ಕಪ್ಪು.

ಎಂಡೆಲ್ ಬಂದ, ಕನ್ನಡಕ ಹಣೆಗೇರಿಸಿ ನೋಡಿದ.
'ನಡುವೆ ಇದೇನು?'
'ದ್ವೀಪ.'
'ಅರವತ್ತು ವರ್ಷ ಹುಟ್ಟು ಹಾಕಿದ್ದೇನೆ,
ಒಂದು ಸಲವೂ ಡಿಕ್ಕಿ ಹೊಡೆದಿಲ್ಲ.'

ಮಂಜು ಕಿರ್ರೆಂದು ನಾವು ಹಿಂದೆ ಸರಿದ ಜಾಗ ಅದು.
ಅಳೆಯಲಿಲ್ಲ ಎಂದು ಖಾಲಿ ಬಿಟ್ಟಿದ್ದೆ.
ಗೊತ್ತಿಲ್ಲ ಎಂಬುದು ಅದಕ್ಕೆ ಗೊತ್ತಿಲ್ಲ,
ಖಾಲಿ ಕಂಡಲ್ಲಿ ಸೊನ್ನೆ, ಸೊನ್ನೆ ಕಂಡಲ್ಲಿ ನೆಲ.

'ಸುತ್ತಲ ನಾಲ್ಕರ ಸರಾಸರಿ ಹಾಕಿ,' ಎಂದಳು ಶಾಲೆಯ ಲೈವಿ,
ದಡದ ಫಲಕಕ್ಕೆ ನಕ್ಷೆ ಕೇಳಿದವಳು.
ಒಂಬತ್ತು ಹಾಕಿದೆ.
ಬಾಚಿದ ಕೂದಲಿನಂತೆ ಗೆರೆಗಳೆಲ್ಲ ಒಂದೇ ಕಡೆ ಹರಿದವು.
ಎಂಡೆಲ್ ಏನೂ ಹೇಳಲಿಲ್ಲ.
ಮೊಳೆಯಿಂದ ಹಗ್ಗ ತೆಗೆದು ಮನೆಗೆ ಒಯ್ದ.

ಮೇ ತಿಂಗಳು. ಗಿರಣಿಯ ಚಿಮಣಿ, ಒಂಟಿ ಬರ್ಚ್ ಮರ
ಒಂದೇ ನೇರಕ್ಕೆ ಬಂದಲ್ಲಿ ದೋಣಿ ನಿಂತಿತು.
ಒಂಬತ್ತನೇ ಗಂಟು ಬೆರಳಿನಿಂದ ಜಾರಿತು.
ಹದಿಮೂರು.
ಹದಿನೇಳಕ್ಕೆ ಹಗ್ಗ ಮುಗಿದು
ಗುಂಡು ಇನ್ನೂ ತೂಗುತ್ತಿತ್ತು.
ಲಂಗರಿನ ಹಗ್ಗ ಬಿಚ್ಚಿ ಕಟ್ಟಿದೆವು.
ಇಪ್ಪತ್ತೆರಡೂವರೆ.
ಮೇಲೆ ಬಂದ ಗುಂಡಿಗೆ ಕೆಸರಿಲ್ಲ,
ಅಂಗೈ ಸುಡುವಷ್ಟು ತಣ್ಣಗೆ,
ಮೈಗಂಟಿದ್ದು ನಾಲ್ಕಾರು ಕಾಳು ಬಿಳಿ ಮರಳು.
'ಊಟೆಯ ಬಾಯಿ,' ಎಂದ.

ಒಂಬತ್ತು ಅಳಿಸಿ ಅದನ್ನು ಬರೆದೆ.
ನಯವಾಗಿದ್ದ ಕೆರೆಯ ನಡುವೆ
ಗೆರೆಗಳು ನುಗ್ಗಿ ನುಗ್ಗಿ ಒಂದು ವಜ್ರವಾಯಿತು,
ಮೊನೆ ಮೊನೆ, ಯಾರೋ ಕತ್ತರಿಯಿಂದ ಕತ್ತರಿಸಿದ ಹಾಗೆ.
ಇದನ್ನು ದುಂಡಗಾಗಿಸಲು ಯಾವ ಗುಂಡಿಯೂ ಇಲ್ಲ.
'ಮೊದಲಿನದೇ ಚೆನ್ನಾಗಿತ್ತಲ್ಲ,' ಲೈವಿ ಅಂದಳು.

ಹೊಸ ಆಳಕ್ಕೆ ಹೊಸ ಬಣ್ಣ ಬೇಕು.
ಕಡುಗಪ್ಪಿಗೆ ಕೈ ಹೋಗಿತ್ತು. ಎಂಡೆಲ್ ತಡೆದ:
'ಮರಳು ಕಂಡೆಯಲ್ಲ. ಬೆಳ್ಳಗೆ ಇರಲಿ.'
ಆಳವಾದಷ್ಟೂ ಕಪ್ಪು ಎಂಬುದು ಲೆಕ್ಕ ಎಂದೆ.
'ಲೆಕ್ಕ ದೋಣಿಯಲ್ಲಿರಲಿಲ್ಲ,' ಎಂದ.
ಬಣ್ಣವೇ ಬೇಡ ಎಂದು ಒತ್ತಿದೆ, ಕಾಗದ ಇಣುಕಿತು.

ವೋರುವಿನಲ್ಲಿ ಮುದ್ರಿಸಿ, ಪ್ಲಾಸ್ಟಿಕ್ ಹೊದಿಸಿ, ಮೊಳೆ ಹೊಡೆದೆವು.
ಜುಲೈನಲ್ಲಿ ತಾಲಿನ್‌ನಿಂದ ಬಂದವನೊಬ್ಬ
ಬಿಳಿ ಚುಕ್ಕೆಗೆ ಬೆರಳಿಟ್ಟು ಕೇಳಿದ:
'ಅಲ್ಲಿ ದ್ವೀಪ ಇದೆಯೇ?'
ಎಂಡೆಲ್ ಹುಟ್ಟು ಒರೆಸುತ್ತಿದ್ದ.
'ಇದೆ,' ಎಂದ. 'ನಿಲ್ಲಲು ಮಾತ್ರ ಆಗುವುದಿಲ್ಲ.'